ಕ್ಯಾಲ್ಸಿಯಂ ಎಂದು ಹೇಳಿದ ಗುಳಿಗೆ

ರೇಣುಕಾ, ಅವು ಕ್ಯಾಲ್ಸಿಯಂ ಗುಳಿಗೆಗಳಾಗಿರಲಿಲ್ಲ.

ಒಂಬತ್ತು ವರ್ಷಗಳ ಹಿಂದೆ, ವಿಜಯಪುರದ ಆ ಆಸ್ಪತ್ರೆಯ ವರಾಂಡದಲ್ಲಿ, ನೀನು ನಿನ್ನ ಅವ್ವನ ಎಲೆಯಡಿಕೆ ಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಮುಂದೆ ಹಿಡಿದೆ. "ಮಾಮಾ, ಅವ್ವ ದಿನಾ ಇವನ್ನ ತಗೊಂತಿದ್ಲು. ಡಾಕ್ಟರಿಗೆ ತೋರಸಲ್ಯಾ?" ಎಂದು ಕೇಳಿದೆ. ನಾನು, "ಅವು ಕ್ಯಾಲ್ಸಿಯಂ ಗುಳಿಗಿ ಅದಾವ. ಅದನ್ನೇನ್ ತೋರಸ್ತಿ, ಕೊಡ ಇಲ್ಲೆ" ಎಂದು ನಿನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡೆ. ನೀನು ನಂಬಿದೆ. ನಂಬದೆ ಏನು ಮಾಡುತ್ತಿದ್ದೆ? ತಿಕೋಟಾದಲ್ಲಿ ಔಷಧದ ಅಂಗಡಿ ಇಟ್ಟು ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಮೇಲಾಗಿ ಅವ್ವನ ಒಡಹುಟ್ಟಿದ ತಮ್ಮ.

ಇದನ್ನು ಬಾಯಿಂದಲೇ ಹೇಳಬೇಕೆಂದು ಜೋರಾಪುರ ಪೇಟೆಯ ನಿನ್ನ ಗಂಡನ ಮನೆಗೆ ಎರಡು ಸಲ ಬಂದೆ. ಎರಡೂ ಸಲ ನೀನು ಮಾಡಿಕೊಟ್ಟ ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಎದ್ದು ಹೋದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಕಾಗದದ ಮೇಲಾದರೆ ನಿನ್ನ ಮುಖ ಕಾಣುವುದಿಲ್ಲ — ಹೇಡಿಗೆ ಅಷ್ಟು ಅನುಕೂಲ ಸಾಕು.

ಆ ಪೊಟ್ಟಣದಲ್ಲಿ ಎರಡು ಬಗೆಯ ಗುಳಿಗೆಗಳಿದ್ದವು. ದೊಡ್ಡದು ನೋವಿನದು. ಸಣ್ಣ ಬಿಳಿಯದು ಸ್ಟೀರಾಯ್ಡ್. ಇದು ಡಾಕ್ಟರು ಬರೆದುಕೊಟ್ಟರೆ ಮಾತ್ರ, ಅವರು ಹೇಳಿದಷ್ಟೇ ದಿನ ಕೊಡಬೇಕಾದ ಗುಳಿಗೆ. ನಾನು ಮಂಡಿನೋವು, ಸೊಂಟನೋವು ಎಂದು ಬಂದ ಎಲ್ಲರಿಗೂ ಕೊಡುತ್ತಿದ್ದೆ. ಅವನ್ನು ಹೆಸರು ಅಚ್ಚಾದ ಸ್ಟ್ರಿಪ್ಪಿನಿಂದ ಬಿಡಿಸಿ, ಬಿಡಿ ಗುಳಿಗೆಗಳನ್ನು ಪೇಪರಿನ ಚೂರಿನಲ್ಲಿ ಕಟ್ಟುತ್ತಿದ್ದೆ. ಹೆಸರು ಗೊತ್ತಾದರೆ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಾನೆ. ಹೆಸರು ಗೊತ್ತಿಲ್ಲದಿದ್ದರೆ ನನ್ನ ಹತ್ತಿರವೇ ಬರಬೇಕು. ಇದು ನನಗೆ ಯಾರೂ ಕಲಿಸಿದ್ದಲ್ಲ, ನೋಡಿ ಕಲಿತದ್ದು. ಎರಡು ದಿನದಲ್ಲಿ ನೋವು ಮಾಯವಾಗುತ್ತಿತ್ತು. ಬಸ್ಸಿನಿಂದ ಇಳಿದವರು ನೇರವಾಗಿ ನನ್ನ ಅಂಗಡಿಗೆ ಬಂದು, "ಮಾದೇವಣ್ಣಾರ ಕೈಗುಣ ಚಲೋ ಐತ್ರಿ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಆ ಮಾತು ನನಗೆ ರುಚಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ನಿನ್ನ ಅವ್ವ ಕಸ್ತೂರಕ್ಕ — ಆಕೆಯ ಮಂಡಿ ಯಾಕೆ ಸವೆಯಿತು ಎಂದು ನಿನಗೆ ಹೇಳಬೇಕಾಗಿಲ್ಲ. ನಿನ್ನ ಅಪ್ಪ ತೀರಿಕೊಂಡ ಮೇಲೆ ಕಾಖಂಡಕಿಯ ಆ ಎರಡು ಕೋಣೆಯ ಮನೆಯಲ್ಲಿ ಒಲೆಯ ಮುಂದೆ ಕೂತು, ವಿಜಯಪುರದ ಖಾನಾವಳಿಗಳಿಗೆ ರೊಟ್ಟಿ ಬಡಿದು ನಿನ್ನನ್ನು ಬೆಳೆಸಿದಳು. ಮುಂಜಾನೆ ಬಬಲೇಶ್ವರದ ಮೇಲೆ ಹೋಗುವ ಬಸ್ಸಿಗೆ ಬುಟ್ಟಿ ಏರಿಸುವವರೆಗೆ ಆಕೆ ಏಳುತ್ತಿರಲಿಲ್ಲ. ಎದ್ದಾಗ ಗೋಡೆ ಹಿಡಿದು ಏಳುತ್ತಿದ್ದಳು. ಒಂದು ಪಂಚಮಿಗೆ ಆಕೆಯನ್ನು ಕರೆತರಲು ಹೋದೆನಲ್ಲ, ಆಗ ನೋಡಿದೆ. ಬಾಗಿಲಿನಿಂದ ರಸ್ತೆಯವರೆಗೆ ನಡೆಯಲು ಮೂರು ಸಲ ನಿಂತಳು. ಮನೆಗೆ ಬಂದ ಮೇಲೆ ಅಂಗಡಿಯಿಂದ ಒಂದು ಪೊಟ್ಟಣ ಕಟ್ಟಿ ತಂದುಕೊಟ್ಟೆ. ಹಬ್ಬ ಮುಗಿಸಿ ಹೊರಟಾಗ ಉಂಡಿಯ ಡಬ್ಬಿಯ ಜೊತೆಗೆ ಇನ್ನೂ ಎರಡು ಇಟ್ಟೆ.

ಆಕೆ ಅವಕ್ಕೆ "ತವರಿನ ಗುಳಿಗಿ" ಎಂದೇ ಹೆಸರಿಟ್ಟಳು. ಸರಕಾರಿ ದವಾಖಾನೆಯಲ್ಲಿ ಕೊಟ್ಟ ಗುಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಯಾತಕ್ಕೆ, ಎಷ್ಟು ದಿನ ಎಂದು ನೂರು ಪ್ರಶ್ನೆ ಕೇಳುವ ಹೆಂಗಸು ನಾನು ಕೊಟ್ಟದ್ದನ್ನು ಒಂದು ಮಾತು ಕೇಳದೆ ನುಂಗಿದಳು. ತವರಿನಿಂದ ಬಂದದ್ದನ್ನು ಯಾರಾದರೂ ಪರೀಕ್ಷೆ ಮಾಡುತ್ತಾರೆಯೇ? ಸೀರೆಯ ಬಣ್ಣ ಹಿಡಿಸದಿದ್ದರೂ ಉಟ್ಟುಕೊಳ್ಳುತ್ತಾರೆ. ಮೂರನೆಯ ದಿನ ಫೋನು ಮಾಡಿ, "ಲೇ ಮಾದ್ಯಾ, ಇವತ್ತ ನಾನ ಬಾವಿಗೆ ಹೋಗಿ ನೀರು ತಂದೆ ನೋಡ. ಯಾರಿಗೂ ಹಿಡ್ಕೊಳಾಕ ಬಿಡಲಿಲ್ಲ" ಎಂದಳು. ಆಕೆಯ ದನಿಯಲ್ಲಿದ್ದ ಆ ಹುಮ್ಮಸ್ಸು — ಅದನ್ನು ನೆನೆದರೆ ಈಗಲೂ ನನ್ನ ತಪ್ಪು ನನಗೇ ಒಳ್ಳೆಯ ಕೆಲಸದ ಹಾಗೆ ಕಾಣಿಸಿಬಿಡುತ್ತದೆ. ಅದೇ ದೊಡ್ಡ ಮೋಸ.

ಹೀಗೆ ಆರು ವರ್ಷ. ಪ್ರತಿ ತಿಂಗಳು ಯಾರಾದರೂ ಬರುವವರ ಕೈಯಲ್ಲಿ ಪೊಟ್ಟಣ ಕಳಿಸುತ್ತಿದ್ದೆ. ಅಕ್ಕನ ಮೋರೆ ತುಂಬಿಕೊಂಡಿತು. ಗಲ್ಲ ಉಬ್ಬಿ ದುಂಡಗಾಯಿತು. "ಕಸ್ತೂರಿ ಈಗ ಮೈ ಹಿಡದಾಳ ನೋಡ್ರಿ, ಕಷ್ಟ ತೀರೇತಿ" ಎಂದು ಊರವರು ಸಂತೋಷಪಟ್ಟರು. ನೀನೂ ಪಟ್ಟೆ. ನನಗೊಬ್ಬನಿಗೆ ಗೊತ್ತಿತ್ತು, ಅದು ಮೈ ಹಿಡಿದದ್ದಲ್ಲ, ಗುಳಿಗೆಯಿಂದ ಬಂದ ಬಾವು ಎಂದು. ಬಳೆ ತಗುಲಿದರೂ ಆಕೆಯ ಕೈ ನೀಲಿಗಟ್ಟುತ್ತಿತ್ತು. ಬಿ.ಪಿ. ಏರಿತ್ತು. ಅದಕ್ಕೆ ಕೊಟ್ಟ ಗುಳಿಗೆಯನ್ನು ಒಂದು ದಿನ ತಗೊಂಡರೆ ನಾಲ್ಕು ದಿನ ಬಿಡುತ್ತಿದ್ದಳು, ನನ್ನದನ್ನು ಮಾತ್ರ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನಿಲ್ಲಿಸಬೇಕು, ಮೆಲ್ಲಗೆ ಕಡಿಮೆ ಮಾಡಿ ನಿಲ್ಲಿಸಬೇಕು ಎಂದು ಎಷ್ಟೋ ಸಲ ಅಂದುಕೊಂಡೆ. ನಿಲ್ಲಿಸಿದರೆ ಮತ್ತೆ ಗೋಡೆ ಹಿಡಿಯುತ್ತಾಳೆ, ಯಾಕೆ ಎಂದು ಕೇಳುತ್ತಾಳೆ, ಆಗ ಏನೆಂದು ಹೇಳಲಿ? ಹೀಗೆ ಮುಂದೆ ಹಾಕುತ್ತಾ ಹೋದೆ.

ಆ ದಿನ ಆಕೆ ಒಲೆಯ ಮುಂದೆಯೇ ವಾಲಿದಳು. ಹಂಚಿನ ಮೇಲೆ ಒಂದು ರೊಟ್ಟಿ ಇತ್ತು, ಅದು ಕರಕಾದ ವಾಸನೆಗೆ ನೀನು ಒಳಗೆ ಓಡಿಬಂದೆ ಎಂದು ಆಮೇಲೆ ಹೇಳಿದೆ. ನಾನು ತಿಕೋಟಾದಿಂದ ನೇರ ಆಸ್ಪತ್ರೆಗೆ ಬಂದೆ. ಮೆದುಳಿನಲ್ಲಿ ರಕ್ತನಾಳ ಒಡೆದಿದೆ, ಬಲಗಡೆಯ ಕೈಕಾಲು ಹೋಗಿವೆ, ಆದರೆ ಆಪರೇಷನ್ ಬೇಕಾಗದಷ್ಟು ಸಣ್ಣ ರಕ್ತಸ್ರಾವ, ಉಳಿಯುವ ಆಸೆ ಇದೆ ಎಂದರು. ಆಸೆ ಇದೆ — ಈ ಮಾತನ್ನು ನೀನು ನಾಲ್ಕು ಜನರಿಗೆ ಫೋನು ಮಾಡಿ ಹೇಳಿದೆ.

ಅಲ್ಲಿದ್ದ ಡಾಕ್ಟರು ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಾದ ಹೆಣ್ಣುಮಗಳು. ಮೊದಲ ದಿನವೇ ಕೇಳಿದಳು, ಯಾವ ಯಾವ ಔಷಧ ತಗೊಳ್ಳುತ್ತಾರೆ ಎಂದು. ನಾನು ಕಾಖಂಡಕಿಯಿಂದ ಬಂದ ಏಳೆಂಟು ಜನರ ನಡುವೆ ನಿಂತಿದ್ದೆ. ಅವರಲ್ಲಿ ಮೂವರ ಮನೆಗೆ ನನ್ನ ಪೊಟ್ಟಣ ಹೋಗುತ್ತಿತ್ತು. "ಬಿ.ಪಿ. ಗುಳಿಗಿ ಅಷ್ಟ ರೀ ಮ್ಯಾಡಂ, ಬ್ಯಾರೆ ಏನೂ ಇಲ್ಲ" ಎಂದು ಬಾಯಿ ತಾನೇ ಹೇಳಿಬಿಟ್ಟಿತು. ಮೊದಲ ಸುಳ್ಳಿಗೆ ಯೋಚನೆ ಬೇಕಾಗಲಿಲ್ಲ, ರೇಣುಕಾ. ಉಳಿದವಕ್ಕೆ ಯೋಚಿಸಿದೆ.

ಮರುದಿನ ಆಕೆ ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿ ಹೇಳಿದಳು, ಔಷಧದ ಅಂಗಡಿಯವನು ಎಂದು ಗೊತ್ತಾಗಿತ್ತಲ್ಲ. "ತಲಿಯೊಳಗ ರಕ್ತನಾಳ ಒಡದಾಗ ಮೈಯೆಲ್ಲ ಗಾಬರಿ ಬೀಳ್ತದ ರೀ ಕಾಕಾ. ಗಾಬರಿ ಹಾರ್ಮೋನು ಒಮ್ಮಿಗಲೇ ಏರ್ತಾವ. ಅದು ಜೀವ ಹಿಡಕೊಳ್ಳಾಕ ಬೇಕ. ಆದರ ಅದ ಹಾರ್ಮೋನು, ರೋಗದ ಜೋಡಿ ಬಡದಾಡೋ ಬಿಳಿ ಕಣಗಳನ್ನ ಮಲಗಿಸಿಬಿಡ್ತದ. ಅದಕ್ಕ ಮೊದಲನೇ ವಾರ ಸೋಂಕು ಭಾಳ ಲಗೂನ ಹಿಡೀತದ. ಮಂದೀನ ಒಳಗ ಬಿಡಬ್ಯಾಡ್ರಿ, ಬಾಯಿಲೆ ಏನೂ ಹಾಕಬ್ಯಾಡ್ರಿ" ಎಂದಳು.

ನಾನು ತಲೆಯಾಡಿಸಿದೆ. ಒಳಗೊಳಗೇ ಲೆಕ್ಕ ಶುರುವಾಗಿತ್ತು. ಆ ಬಿಳಿ ಗುಳಿಗೆ ಇದೆಯಲ್ಲ, ಅದೂ ಅದೇ ಜಾತಿಯ ಹಾರ್ಮೋನು. ಮೈಯಲ್ಲಿ ತಯಾರಾಗುವುದನ್ನು ಹೊರಗಿನಿಂದ ಕೊಡುವುದು. ಆರು ವರ್ಷ ದಿನವೂ ಕೊಟ್ಟರೆ ಬಿಳಿ ಕಣಗಳು ಮೊದಲೇ ಅರೆಜೀವ ಆಗಿರುತ್ತವೆ. ಅಷ್ಟೇ ಅಲ್ಲ, ಹೊರಗಿನಿಂದ ಬರುತ್ತದೆ ಎಂದು ಮೈ ತಾನು ತಯಾರಿಸುವುದನ್ನೇ ಮರೆತುಬಿಡುತ್ತದೆ. ಗಾಬರಿಯ ಹೊತ್ತಿನಲ್ಲಿ ಹಾರ್ಮೋನು ಏರಬೇಕಲ್ಲ — ಅಕ್ಕನ ಮೈಯಲ್ಲಿ ಏರುವುದಕ್ಕೆ ಏನೂ ಇರಲಿಲ್ಲ. ಆಸ್ಪತ್ರೆಗೆ ಬಂದ ದಿನದಿಂದ ಗುಳಿಗೆಯೂ ನಿಂತಿತ್ತು. ಇಷ್ಟೆಲ್ಲ ನನಗೆ ಆ ವರಾಂಡದಲ್ಲಿ ನಿಂತಾಗಲೇ ತಿಳಿಯಿತು. ಆಮೇಲೆ ಓದಿ ತಿಳಿದೆ ಎಂದು ಹೇಳಬಹುದಿತ್ತು. ಹೇಳುವುದಿಲ್ಲ.

ಅದೇ ಮಧ್ಯಾಹ್ನ ನೀನು ಪೊಟ್ಟಣ ತಂದೆ.

ನಿನ್ನ ಬುದ್ಧಿಗೆ ಹೊಳೆದಿತ್ತು ನೋಡು. ಯಾರೂ ಹೇಳದೆ, ಓದಿದ್ದು ಹತ್ತನೆಯ ಇಯತ್ತೆಯಾದರೂ, ಇದನ್ನು ಡಾಕ್ಟರಿಗೆ ತೋರಿಸಬೇಕು ಎಂದು ನಿನಗೆ ಹೊಳೆಯಿತು. ಡಾಕ್ಟರು ಹತ್ತು ಹೆಜ್ಜೆ ಆಚೆಗೆ ಯಾರದೋ ಕೇಸಪೇಪರು ಬರೆಯುತ್ತಾ ನಿಂತಿದ್ದಳು. ನೀನು ನನ್ನನ್ನು ದಾಟಿ ಹೋಗಿದ್ದರೆ — ಆದರೆ ಹಿರಿಯರನ್ನು ಕೇಳಿ ಮಾಡಬೇಕೆಂದು ಕಲಿಸಿದ್ದೆವಲ್ಲ ನಿನಗೆ.

ನಾಲ್ಕನೆಯ ದಿನ. ಇದನ್ನು ನಿಧಾನವಾಗಿ ಓದು, ಎರಡು ಸಲ ಓದು. ಆ ದಿನ ಮುಂಜಾನೆ ನೀನು ಆಸ್ಪತ್ರೆಯಲ್ಲಿರಲಿಲ್ಲ. ನಾನೇ ಒತ್ತಾಯ ಮಾಡಿ, ಮೈ ತೊಳೆದುಕೊಂಡು ಎರಡು ತುತ್ತು ಉಂಡು ಬಾ ಎಂದು ಕಾಖಂಡಕಿಗೆ ಕಳಿಸಿದ್ದೆ. ಎಂಟು ಗಂಟೆಯ ಸುಮಾರಿಗೆ ನರ್ಸು ಬಂದು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, "ಜ್ವರ ಬಂದಾವ ರೀ. ಎದಿಯೊಳಗ ಗೊರಗೊರ ಅನ್ನಾಕತ್ತೇದ. ಡಾಕ್ಟರಿಗೆ ಹೇಳ್ತೀನಿ" ಎಂದಳು. ಕೇಳಿದವನು ನಾನೊಬ್ಬನೇ. ಅಕ್ಕನ ಹಣೆ ಮುಟ್ಟಿದೆ, ಸುಡುತ್ತಿತ್ತು.

ನೀನು ಬಂದದ್ದು ಸಂಜೆ, ಸ್ಟೀಲಿನ ಗಿಂಡಿಯಲ್ಲಿ ಮಜ್ಜಿಗೆ ಹಿಡಿದುಕೊಂಡು. ಅವ್ವ ಎಚ್ಚರಾಗಿದ್ದಳು. ಎಡಗೈ ಎತ್ತಿ ತುಟಿ ತೋರಿಸಿದಳು. ನಾಲ್ಕು ದಿನದಿಂದ ಮೂಗಿನ ನಳಿಕೆಯಲ್ಲೇ ಎಲ್ಲ. ನಿನಗೆ ತಡೆಯಲಾಗಲಿಲ್ಲ. ಎರಡು ಚಮಚ ಕೊಟ್ಟೆ. ಎರಡನೆಯದಕ್ಕೆ ಆಕೆ ಕೆಮ್ಮಿದಳು, ಕಣ್ಣು ಮೇಲೆ ಹೋದವು, ನರ್ಸು ಓಡಿಬಂದು ನಿನ್ನನ್ನು ಎಲ್ಲರೆದುರಿಗೆ ಬಯ್ದಳು. ಮರುದಿನ ನ್ಯುಮೋನಿಯಾ ಎಂಬ ಶಬ್ದ ಎಲ್ಲರ ಬಾಯಲ್ಲಿ ಬಂತು. ನಿನ್ನ ಗೌರವ್ವತ್ತಿ, ನಿನ್ನ ಅಪ್ಪನ ಅಕ್ಕ, ಎರಡಕ್ಕೆರಡು ಕೂಡಿಸಿದಂತೆ ಹೇಳಿಬಿಟ್ಟಳು: "ಮಜ್ಜಿಗಿ ಎದಿಯೊಳಗ ಇಳದೇತಿ." ಆ ಮಾತು ಕೇಳಿ ನೀನು ಗೋಡೆಗೆ ಒರಗಿ ಹಾಗೆಯೇ ಕೆಳಗೆ ಕುಸಿದು ಕೂತೆ. ನಾನು ನೋಡುತ್ತಿದ್ದೆ.

ಆರನೆಯ ದಿನ ಡಾಕ್ಟರು ಮತ್ತೆ ನನ್ನನ್ನು ಕರೆದಳು. ಆಕೆ ನಿದ್ದೆಗೆಟ್ಟದ್ದು ಮುಖದಲ್ಲೇ ಕಾಣುತ್ತಿತ್ತು. "ಬಿ.ಪಿ. ಒಂದ ಸವನ ಇಳ್ಯಾಕತ್ತೇದ ರೀ ಕಾಕಾ. ಎಷ್ಟು ಔಷಧ ಕೊಟ್ಟರೂ ಏರವಲ್ದು. ರಕ್ತದೊಳಗ ಉಪ್ಪಿನಂಶ ಇಳದದ. ಅವರ ಮುಖ ನೋಡಿದರ ನನಗ ಒಂದು ಸಂಶಯ ಬರ್ತದ. ಮಂಡಿನೋವಿಗೆ ಯಾರರೆ ಗುಳಿಗಿ, ಪುಡಿ ಕೊಟ್ಟಿದ್ರೇನು? ಹೌದಂದ್ರ ಆ ಹಾರ್ಮೋನಿಂದ ಒಂದು ಇಂಜೆಕ್ಷನ್ ಈಗಿಂದೀಗ ಕೊಡಬೇಕು. ಇಲ್ಲಂದ್ರ ಅದ ಇಂಜೆಕ್ಷನ್ ಸೋಂಕು ಹೆಚ್ಚು ಮಾಡಬಹುದು. ನನಗ ನಿಮ್ಮ ಮಾತ ಆಧಾರ. ಖರೆ ಹೇಳ್ರಿ."

ಪೊಟ್ಟಣ ನನ್ನ ಜೇಬಿನಲ್ಲಿತ್ತು. ಅದೇ ಅಂಗಿ. ಆರು ದಿನ ನಾನು ಅಂಗಿ ಬದಲಿಸಿರಲಿಲ್ಲ. ಉಸಿರಾಡಿದಾಗಲೆಲ್ಲ ಕಾಗದ ಎದೆಗೆ ಒತ್ತುತ್ತಿತ್ತು.

"ಇಲ್ರಿ ಮ್ಯಾಡಂ," ಎಂದೆ. "ನಮ್ಮ ಅಕ್ಕ ಗುಳಿಗಿ ಅಂದ್ರ ಮೈಲು ದೂರ."

ಆಗ ನನಗೆ ಏನು ಅನ್ನಿಸಿತು ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಂಗಡಿ ಮುಚ್ಚಿಸುತ್ತಾರೆಂಬ ಹೆದರಿಕೆ ಇತ್ತು. ಊರಲ್ಲಿ ಮುಖ ಎತ್ತಿ ತಿರುಗಲಾಗುವುದಿಲ್ಲ ಎಂಬ ಹೆದರಿಕೆ ಅದಕ್ಕಿಂತ ಜಾಸ್ತಿ ಇತ್ತು. ಆದರೆ ಎಲ್ಲಕ್ಕಿಂತ ಒಳಗೆ ಇನ್ನೊಂದು ಇತ್ತು: ಮೊದಲನೆಯ ದಿನ ಇಲ್ಲ ಎಂದಿದ್ದೇನೆ, ಈಗ ಹೌದು ಎಂದರೆ ಮೊದಲ ದಿನ ಸುಳ್ಳು ಹೇಳಿದೆ ಎಂದಾಗುತ್ತದೆ. ಇಷ್ಟೇ. ಒಡಹುಟ್ಟಿದವಳ ಉಸಿರು ಹೋಗುತ್ತಿರುವಾಗ ನಾನು ನನ್ನ ಮಾತು ಉಳಿಸಿಕೊಳ್ಳುತ್ತಿದ್ದೆ.

ಎಂಟನೆಯ ದಿನ ಆ ಹೆಣ್ಣುಮಗಳು ನನ್ನ ಮಾತನ್ನು ಬದಿಗಿಟ್ಟು, ತಾನೇ ಧೈರ್ಯ ಮಾಡಿ ಆ ಇಂಜೆಕ್ಷನ್ ಕೊಟ್ಟಳು. ಕೆಲವು ತಾಸು ಬಿ.ಪಿ. ಏರಿತು. ಅಕ್ಕ ಕಣ್ಣು ತೆರೆದಳು, ನಿನ್ನನ್ನು ನೋಡಿದಳು, ನೆನಪಿದೆಯಲ್ಲ? ನೀನು ಅದನ್ನು ದೇವರ ದಯೆ ಎಂದೆ. ಅದು ಎರಡು ದಿನ ಮೊದಲೇ ಸಿಗಬೇಕಾಗಿದ್ದ ಔಷಧ. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಇಳಿದಿತ್ತು. ಒಂಬತ್ತನೆಯ ದಿನ ಮಧ್ಯಾಹ್ನ ಆಕೆ ಹೋದಳು.

ಕಾಖಂಡಕಿಯ ಮನೆಯಲ್ಲಿ ಹೆಣ ಅಂಗಳದಲ್ಲಿರುವಾಗಲೇ ಗೌರವ್ವತ್ತಿ ಎದೆ ಬಡಿದುಕೊಂಡು, "ಹೊಟ್ಟ್ಯಾಗ ಹುಟ್ಟಿದ ಮಗಳ ಕೈಲೇನ ಹೋದೆಲ್ಲ ಬೇ ಕಸ್ತೂರಿ" ಎಂದು ಅತ್ತಳು. ನೂರು ಜನ ಕೇಳಿದರು. ನೀನು ನಿನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಆಗ ನಾನು ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ನೋಡಿದರು, ನೀನೂ ನೋಡಿದೆ. ನಾನು ಹೇಳಿದ್ದು, "ಬಿಡ್ರಿ, ಪಾಪ, ತಿಳೀಲಾರದ ಮಾಡ್ಯಾಳ. ಕೂಸಿಗೆ ಏನೂ ಅನಬ್ಯಾಡ್ರಿ."

ನಿನ್ನ ಪರವಾಗಿ ಮಾತಾಡಿದ ಒಬ್ಬನೇ ಹಿರಿಯ ನಾನು ಎಂದು ನೀನು ಇಂದಿಗೂ ಹೇಳುತ್ತೀ. ಆ ಮಾತನ್ನು ಸರಿಯಾಗಿ ಕೇಳಿಸಿಕೋ, ರೇಣುಕಾ. ತಿಳಿಯದೆ ಮಾಡಿದಳು ಎಂದೆ — ಅಂದರೆ ಮಾಡಿದವಳು ನೀನೇ ಎಂದು ಮೊಳೆ ಹೊಡೆದೆ. ಗೌರವ್ವತ್ತಿ ದುಃಖದಲ್ಲಿ ಅಂದ ಮಾತು ತಿಂಗಳಲ್ಲಿ ಮರೆತುಹೋಗುತ್ತಿತ್ತು. ಔಷಧ ಬಲ್ಲವನು, ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದವನು, ಸೋದರಮಾವ — ಅವನು ಅಂದದ್ದು ನಿಂತುಬಿಟ್ಟಿತು.

ದಿನಕರ್ಮ ಮುಗಿಸಿ ಅಂಗಡಿಯ ಬಾಗಿಲು ತೆರೆದ ದಿನ ಮೊದಲು ಬಂದದ್ದು ಇಟ್ಟಂಗಿಹಾಳದಲ್ಲಿರುವ ಮಗಳ ಮನೆಗೆ ಹೊರಟ ಒಬ್ಬ ಮುದುಕಿ. ಮಂಡಿ ತೋರಿಸಿದಳು. ನಾನು ಕಟ್ಟಿಕೊಟ್ಟೆ. ಹೌದು, ಕಟ್ಟಿಕೊಟ್ಟೆ. ಇನ್ನೂ ಒಂದೂವರೆ ವರ್ಷ ಕಟ್ಟಿದೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿ, "ಆ ಕಂಪನಿ ಬಂದ್ ಆತ್ರಿ" ಎಂದು ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ. ಹಾಗೆ ಒಮ್ಮೆಲೇ ಬಿಡಬಾರದು, ಡಾಕ್ಟರಿಗೆ ತೋರಿಸಿ ಮೆಲ್ಲಗೆ ಬಿಡಬೇಕು ಎಂದು ಅವರಿಗೆ ಹೇಳಬೇಕಿತ್ತು. ಹೇಳಬೇಕೆಂದರೆ ಏನು ಕೊಟ್ಟಿದ್ದೆ ಎಂದೂ ಹೇಳಬೇಕಾಗುತ್ತಿತ್ತು. ಅವರಲ್ಲಿ ಯಾರಿಗೆ ಏನಾಯಿತು — ನಾನು ವಿಚಾರಿಸಲಿಲ್ಲ.

ನೀನು ನಿನ್ನ ಮಗಳಿಗೆ ಅವ್ವನ ಹೆಸರೇ ಇಟ್ಟೆ. ಚಿಕ್ಕ ಕಸ್ತೂರಿಗೆ ಮೊದಲ ಸಲ ಅನ್ನ ತಿನಿಸುವ ದಿನ ನನ್ನನ್ನು ಜೋರಾಪುರ ಪೇಟೆಗೆ ಕರೆದಿದ್ದೆ. ಬಟ್ಟಲಲ್ಲಿ ಮೆತ್ತಗಿನ ಅನ್ನ ಹಾಲು ಕಲಸಿತ್ತು. ಎಲ್ಲರೂ ನೀನೇ ತಿನಿಸುತ್ತೀ ಎಂದು ನೋಡುತ್ತಿದ್ದರು. ನೀನು ಚಮಚ ತಂದು ನನ್ನ ಕೈಯಲ್ಲಿಟ್ಟು, ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ ಹೇಳಿದೆ: "ನೀವ ತಿನಸ್ರಿ ಮಾಮಾ. ನನ್ನ ಕೈ ಚಲೋದಲ್ಲ."

ನಾನು ತಿನಿಸಿದೆ. ಕೂಸು ನಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವತ್ತು ಆ ಚಮಚ ಕೆಳಗಿಟ್ಟು ಎಲ್ಲ ಹೇಳಿಬಿಡಬಹುದಿತ್ತು. ಇಂದಿಗೂ ನಿನ್ನ ಮಗಳಿಗೆ ನಿನ್ನ ಅತ್ತೆಯೇ ತಿನಿಸುತ್ತಾಳೆ. ನೀನು ಅಡುಗೆ ಮಾಡಿ ಇಟ್ಟು ಹೊರಗಿನ ಕೋಣೆಗೆ ಹೋಗಿ ನಿಲ್ಲುತ್ತೀ. ಕೂಸು ಕೆಮ್ಮಿದರೆ ನಿನ್ನ ಮುಖದ ಬಣ್ಣ ಹೋಗುತ್ತದೆ. ನಿನ್ನ ಮನೆಯವರು ಇದನ್ನು ನಿನ್ನ ಸ್ವಭಾವ ಎಂದುಕೊಂಡಿದ್ದಾರೆ.

ಈಗ ನನಗೆ ಸಿಕ್ಕ ನೆರಳಿನ ವಿಷಯವನ್ನೂ ಹೇಳಬೇಕು. ಒಂಬತ್ತು ವರ್ಷ ನಾನು ಅದರ ಕೆಳಗೇ ಕೂತಿದ್ದೆ. ಅಕ್ಕ ಹೋದ ದಿನ ಆ ಡಾಕ್ಟರು ನನ್ನನ್ನು ಸಮಾಧಾನ ಮಾಡಲು, "ಇಂಥಾ ಪೇಶಂಟ್‌ಗೆ ಎಷ್ಟು ಜೋಪಾನ ಮಾಡಿದರೂ ಸೋಂಕು ಬಂದ ಬರ್ತದ ರೀ. ತಲಿಯೊಳಗಿನ ರಕ್ತಸ್ರಾವನ ಅದಕ್ಕ ಸಾಕು. ಯಾರದೂ ತಪ್ಪಿಲ್ಲ" ಎಂದಿದ್ದಳು. ಅದು ಸುಳ್ಳಲ್ಲ. ಒಂದು ಗುಳಿಗೆಯನ್ನೂ ಮುಟ್ಟದವರಿಗೂ ಹೀಗಾಗುತ್ತದೆ. ಗಾಬರಿಬಿದ್ದ ಮೈ ತನ್ನ ಕಾವಲನ್ನು ತಾನೇ ಇಳಿಸುತ್ತದೆ. ಹಾಗಾದರೆ ಅಕ್ಕನನ್ನು ಕೊಂದದ್ದು ಒಡೆದ ರಕ್ತನಾಳವೋ, ಆರು ವರ್ಷದ ಗುಳಿಗೆಯೋ, ಸಿಗಬೇಕಾದಾಗ ಸಿಗದ ಇಂಜೆಕ್ಷನ್ನೋ? ಯಾರೂ ತಕ್ಕಡಿಯಲ್ಲಿಟ್ಟು ಹೇಳಲಾರರು. ಯಾರೂ ಹೇಳಲಾರರು ಎಂಬುದೇ ನನ್ನ ಪಾಲಿಗೆ ಹಾಸಿಗೆಯಾಯಿತು, ಅದರ ಮೇಲೆ ಸುಖವಾಗಿ ಮಲಗಿದೆ. ನೀನು ಮಾತ್ರ ಬರಿಯ ನೆಲದ ಮೇಲೆ ಮಲಗಿದ್ದೆ. ನನಗೆ ಸಂಶಯದ ಲಾಭ ಸಿಕ್ಕಿತು, ನಿನಗೆ ಅದನ್ನು ಕೊಡಲು ಯಾರೂ ಇರಲಿಲ್ಲ. ಕೊಡಬಲ್ಲವನು ನಾನೊಬ್ಬನೇ ಇದ್ದೆ.

ಹೋದ ವಾರ ನೀನು ತಿಕೋಟಾಕ್ಕೆ ಬಂದೆಯಲ್ಲ. ಅಂಗಡಿಯ ಕಟ್ಟೆ ಏರುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನಿನ್ನ ಅವ್ವ ಗೋಡೆ ಹಿಡಿಯುತ್ತಿದ್ದ ಹಾಗೆಯೇ. ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ಮಾಮಾ, ಈ ಮಂಡಿ ಭಾಳ ಕಾಡಾಕತ್ತಾವ. ಅವ್ವಗ ಕೊಡ್ತಿದ್ರೆಲ್ಲ, ಆ ಕ್ಯಾಲ್ಸಿಯಂ ಗುಳಿಗಿ, ಅವ ಒಂದೀಟು ಕಟ್ಟಿಕೊಡ್ರಿ" ಎಂದೆ.

ನಿನಗೆ ಹೆಸರು ನೆನಪಿತ್ತು. ಒಂಬತ್ತು ವರ್ಷ ಆ ಸುಳ್ಳನ್ನು ನೀನು ಜೋಪಾನವಾಗಿ ಇಟ್ಟುಕೊಂಡಿದ್ದೆ.  ಆದರೂ ನನ್ನ ಬಾಯಲ್ಲಿ ಬಂದದ್ದು ಮತ್ತೆ ಅದೇ — "ಆ ಕಂಪನಿ ಬಂದ್ ಆಗೇತಿ ಬೇ." ನೀನು, "ಹೋಗ್ಲಿ ಬಿಡ್ರಿ, ಬ್ಯಾರೆ ಅಂಗಡ್ಯಾಗ ಕೇಳತೇನಿ" ಎಂದು ಎದ್ದೆ. ನಿನ್ನನ್ನು ಬಸ್ಸಿಗೆ ಹತ್ತಿಸಿ ಬಂದು ಅಂಗಡಿಯ ಬಾಗಿಲು ಹಾಕಿದೆ. ಆಮೇಲೆ ಅದನ್ನು ತೆರೆದಿಲ್ಲ.

ಬೇರೆ ಅಂಗಡಿಯಲ್ಲಿ ಕೇಳಬೇಡ. ಯಾರಾದರೂ ಹೆಸರಿಲ್ಲದ ಗುಳಿಗೆ ಪೊಟ್ಟಣದಲ್ಲಿ ಕಟ್ಟಿಕೊಟ್ಟರೆ, ಅವರು ನಿನ್ನ ಸ್ವಂತದವರೇ ಆಗಿದ್ದರೂ, ತಗೊಳ್ಳಬೇಡ. ಮಂಡಿಯನ್ನು ಸರಿಯಾದ ಡಾಕ್ಟರಿಗೆ ತೋರಿಸು.

ಅವತ್ತು ನಿನ್ನ ಕೈಯಿಂದ ಕಸಿದುಕೊಂಡ ಪೊಟ್ಟಣ ಇನ್ನೂ ನನ್ನ ಹತ್ತಿರ ಇದೆ. ಎಸೆಯಲು ಎಷ್ಟೋ ಸಲ ಕೈಗೆತ್ತಿಕೊಂಡೆ. ಕಾಗದ ಹಳದಿಯಾಗಿದೆ, ಗುಳಿಗೆಗಳು ಪುಡಿಯಾಗುತ್ತಿವೆ. ಬರುವ ಭಾನುವಾರ ಅದನ್ನು ತಂದು ನಿನ್ನ ಕೈಯಲ್ಲಿಡುತ್ತೇನೆ. ನೀನು ಅದನ್ನು ಯಾರಿಗೆ ಬೇಕಾದರೂ ತೋರಿಸು, ಪೊಲೀಸರಿಗಾದರೂ ಸರಿ. ಅಲ್ಲಿಂದ ಗೌರವ್ವತ್ತಿಯ ಹತ್ತಿರ ಹೋಗುತ್ತೇನೆ. ಆಕೆಗೆ ಈಗ ಕಿವಿ ಅಷ್ಟು ಕೇಳಿಸುವುದಿಲ್ಲ, ಕೂಗಿ ಹೇಳಬೇಕಾಗುತ್ತದೆ. ಓಣಿಯವರಿಗೆಲ್ಲ ಕೇಳಿಸುತ್ತದೆ. ಕೇಳಿಸಲಿ. ಆಮೇಲೆ ನನ್ನ ಪೊಟ್ಟಣ ಹೋಗುತ್ತಿದ್ದ ಮನೆಗಳಿಗೂ ಹೋಗುತ್ತೇನೆ, ನೆನಪಿದ್ದಷ್ಟು. ಇದರಿಂದ ಅಕ್ಕ ಬರುವುದಿಲ್ಲ. ನಿನ್ನ ಮಗಳ ಬಾಯಿಗೆ ನೀನು ಇಡದೆ ಹೋದ ತುತ್ತುಗಳೂ ತಿರುಗಿ ಬರುವುದಿಲ್ಲ. ನೀನು ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಕೇಳುವುದಿಲ್ಲ. ಬಾಗಿಲು ತೆರೆಯದಿದ್ದರೆ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಬರುತ್ತೇನೆ.

ಒಂದೇ ಒಂದು ಸಂಗತಿ ಮಾತ್ರ ಭಾನುವಾರದವರೆಗೂ ಕಾಯಬಾರದು. ಅದರಲ್ಲಿ ಯಾವ ಸಂಶಯವೂ ಇಲ್ಲ, ಯಾವ ಡಾಕ್ಟರನ್ನೂ ಕೇಳಬೇಕಾಗಿಲ್ಲ. ನಾನು ಅಲ್ಲಿದ್ದೆ, ನನ್ನ ಈ ಕೈಯಿಂದ ಹಣೆ ಮುಟ್ಟಿ ನೋಡಿದ್ದೆ. ನಿನ್ನ ಅವ್ವನಿಗೆ ಜ್ವರ ಬಂದದ್ದು ಮುಂಜಾನೆ. ನೀನು ಮಜ್ಜಿಗೆ ಕೊಟ್ಟದ್ದು ಸಂಜೆ.